ಎಲ್ ಬೋರ್ಡ್ ಅಕ್ಕನ ಒಂದು ಸುತ್ತು

ಶಾಲಾ ವ್ಯಾನಿನ ಹಿಂದಿನ ಸೀಟನ್ನು ಬಿಚ್ಚಿ ಅಂಗಡಿಯ ನೆಲದ ಮೇಲೆ ಬೋರಲು ಹಾಕಿದ್ದರು. ಅಕ್ಕ ಅದರ ಮುಂದೆ ಮೋಟು ಸ್ಟೂಲಿನಲ್ಲಿ ಕೂತು, ಹರಿದ ರೆಕ್ಸಿನ್ನಿನ ಅಂಚಿಗೆ ಸ್ಕ್ರೂಡ್ರೈವರ್ ತೂರಿಸಿ ಒಂದೊಂದೇ ಪಿನ್ನು ಕೀಳುತ್ತಿದ್ದರು. ಬಾಯಲ್ಲಿ ನಾಲ್ಕಾರು ಮೊಳೆ, ಮೂಗಿನ ತುದಿಯಲ್ಲಿ ಕನ್ನಡಕ. ಸೀಟಿನ ಹೊಟ್ಟೆಯಿಂದ ಮುರಿದ ಪೆನ್ಸಿಲ್ಲು, ಬಾಚಣಿಗೆ, ಯಾವುದೋ ಮಗುವಿನ ಒಂಟಿ ಕಾಲುಚೀಲ ಹೊರಬಂದವು. ವ್ಯಾನಿನ ಡ್ರೈವರ್ ಬಾಗಿಲಿಗೆ ಒರಗಿ ನಿಂತು, ಸಂಜೆಯೊಳಗೆ ಆಗುತ್ತದೆಯೇ ಎಂದು ಕೇಳಿದ. ಬಾಯಲ್ಲಿ ಮೊಳೆ ಇದ್ದುದರಿಂದ ಅಕ್ಕ ಬರೀ ತಲೆಯಾಡಿಸಿದರು.

"ಎಲ್ ಬೋರ್ಡ್ ಅಕ್ಕ ತಲೆ ಆಡಿಸಿದ್ರೆ ಮುಗೀತು ಬಿಡಿ" ಎಂದು ಹೇಳಿ ಅವನು ಟೀ ಕುಡಿಯಲು ಹೋದ.

ಆ ಹೆಸರಿಗೆ ಅಕ್ಕ ತಿರುಗಿ ನೋಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅರವತ್ತರ ಹತ್ತಿರದ ಹೆಂಗಸು, ಹದಿನಾಲ್ಕು ವರ್ಷ ಬಾಡಿಗೆ ಕಾರು ಓಡಿಸಿದವರು, ಒಂದು ಸಲವೂ ಯಾರಿಗೂ ಗುದ್ದದವರು. ಆದರೂ ಆ ರಸ್ತೆಯಲ್ಲಿ ಅವರು ಇನ್ನೂ ಕಲಿಯುವವರೇ. ಅದು ಕಾರ್ ಸ್ಟ್ಯಾಂಡಿನ ಕಾನೂನು.

ಹಳೆಯ ಕಾರುಗಳಲ್ಲಿ, ಓಡಿದ ದೂರ ತೋರಿಸುವ ಮೀಟರಿಗೆ ಐದೇ ಅಂಕಿ. ಐದು ಒಂಬತ್ತುಗಳು ಸಾಲಾಗಿ ಬಂದ ಮೇಲೆ ಮುಂದಿನ ಕಿಲೋಮೀಟರಿಗೆ ಎಲ್ಲವೂ ಒಟ್ಟಿಗೆ ಉರುಳಿ ಸೊನ್ನೆಯಾಗುತ್ತವೆ. ಸ್ಟ್ಯಾಂಡಿನವರು ಇದಕ್ಕೆ ಒಂದು ಸುತ್ತು ಎನ್ನುತ್ತಾರೆ. ಒಂದೇ ಕಾರಿನಲ್ಲಿ, ತನ್ನದೇ ಕೈಯಲ್ಲಿ, ಸೊನ್ನೆಯಿಂದ ಸೊನ್ನೆಯವರೆಗೆ ಓಡಿಸಿದವನು ಡ್ರೈವರ್. ಓಡಿಸದವನು, ಅವನ ಲೈಸೆನ್ಸ್ ಎಷ್ಟೇ ಹಳೆಯದಿರಲಿ, ಎಲ್ ಬೋರ್ಡ್. ಸುತ್ತು ಮುಗಿಸಿದ ದಿನ ಸ್ಟ್ಯಾಂಡಿನ ಕಾರುಗಳೆಲ್ಲ ಹಾರ್ನ್ ಹೊಡೆಯುತ್ತವೆ. ಆ ದಿನ ಪೂರ್ತಿ ಅವನ ಕಾರೇ ಸರದಿಯಲ್ಲಿ ಮೊದಲು.

ಅಕ್ಕನ ಅಪ್ಪ ಅದೇ ಸ್ಟ್ಯಾಂಡಿನಲ್ಲಿ, ಕೆನೆ ಬಣ್ಣದ ಅದೇ ಕಾರಿನಲ್ಲಿ ಎರಡು ಸುತ್ತು ಮುಗಿಸಿದವರು. ಎರಡನೆಯದು ಮುಗಿಯುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಮೀಟರ್ ಸೊನ್ನೆಗೆ ಬಂದ ಸಂಜೆ ಕೀಲಿಯನ್ನು ಮಗಳ ಕೈಗೆ ಹಾಕಿ, ಇನ್ನು ಇದರ ಮೇಲೆ ಏರುವುದೆಲ್ಲ ನಿನ್ನದು ಎಂದರಂತೆ. ಸ್ಟ್ಯಾಂಡಿಗೆ ಅವರೇ ಮೊದಲ ಹೆಣ್ಣು ಡ್ರೈವರ್. ರೈಲ್ವೆ ಸ್ಟೇಷನ್, ಹೆರಿಗೆ ಆಸ್ಪತ್ರೆ, ಕೋರ್ಟು, ಶಾಲೆ, ಹೀಗೆ ಊರೊಳಗಿನ ಸಣ್ಣ ಬಾಡಿಗೆಗಳೇ ಹೆಚ್ಚು. ಹೆಂಗಸರು, ಮುದುಕರು ಅಕ್ಕನ ಕಾರನ್ನೇ ಕೇಳಿ ಬರುತ್ತಿದ್ದರು. ದೂರದ ಬಾಡಿಗೆಗಳು ಗಂಡಸರಿಗೆ ಹೋಗುತ್ತಿದ್ದವು. ಹಾಗಾಗಿ ಮೀಟರ್ ಆಮೆಯಂತೆ ನಡೆಯಿತು. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವ ಕೆಲಸದಲ್ಲಿದ್ದ ಗಂಡ ಕೊನೆಯವರೆಗೂ ಕಾರು ಕಲಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತಿದ್ದರು ಎಂದು ಅಕ್ಕ ಈಗಲೂ ನಗುತ್ತಾರೆ.

ಮೀಟರ್ ತೊಂಬತ್ತೊಂಬತ್ತು ಸಾವಿರ ದಾಟಿದಾಗ ಸ್ಟ್ಯಾಂಡಿನಲ್ಲಿ ಬಾಜಿ ಕಟ್ಟುವವರೂ ಹುಟ್ಟಿಕೊಂಡರು. ಅಕ್ಕನಿಗೂ ಕಣ್ಣು ಅದರ ಮೇಲೇ. ಒಂದು ಮಧ್ಯಾಹ್ನ ಆಸ್ಪತ್ರೆಗೆ ಒಬ್ಬರನ್ನು ಬಿಟ್ಟು ಏರು ರಸ್ತೆಯಲ್ಲಿ ವಾಪಸು ಬರುತ್ತಿದ್ದರು. ರೇಡಿಯೇಟರಿನ ಪೈಪು ಸೀಳಿತ್ತು. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿ ನಿಂತಿತ್ತು. ಅದರ ಪಕ್ಕದಲ್ಲೇ, ನಾಲ್ಕು ಬೆರಳಿನ ದೂರದಲ್ಲಿ, ಅಕ್ಕ ಅಂಕಿ ಉರುಳುವುದನ್ನು ನೋಡುತ್ತಿದ್ದರು. ಇಂಜಿನ್ ಒಮ್ಮೆ ಕಿರುಚಿ ಜಾಮ್ ಆಯಿತು. ಸುತ್ತು ಮುಗಿಯಲು ಉಳಿದಿದ್ದುದು ನಾನೂರಕ್ಕೂ ಕಡಿಮೆ ಕಿಲೋಮೀಟರ್. ಕಾರನ್ನು ತಳ್ಳಿಕೊಂಡು ತಂದಾಗ ಸ್ಟ್ಯಾಂಡಿನ ಯಜಮಾನರು, ಅಂದರೆ ಅಲ್ಲಿನ ಹಿರಿಯ ಡ್ರೈವರ್, ಅಕ್ಕನ ಅಪ್ಪನ ಗೆಳೆಯ, "ಲೆಕ್ಕ ನೋಡ್ಕೊಂಡು ಹಾಲು ಉಕ್ಕಿಸಿದ ಹಾಗಾಯ್ತಲ್ಲಮ್ಮ" ಎಂದರು. ಆ ಮಾತಿಗೆ ಎದ್ದ ನಗುವಿನ ಜೊತೆಗೆ ಎಲ್ ಬೋರ್ಡ್ ಎಂಬುದೂ ಅಕ್ಕನ ಹೆಸರಿಗೆ ಅಂಟಿಕೊಂಡಿತು.

ಇಂಜಿನ್ ಮಾಡಿಸುವ ಶಕ್ತಿ ಇರಲಿಲ್ಲ. ಅಕ್ಕ ಸ್ಟ್ಯಾಂಡಿನ ಹಿಂದಿನ ರಸ್ತೆಯ ಕುಷನ್ ಅಂಗಡಿಯಲ್ಲಿ ಹೊಲಿಗೆಗೆ ಸೇರಿದರು. ಕೆಲವು ವರ್ಷಗಳಲ್ಲಿ ಅಂಗಡಿಯೇ ಅವರ ಕೈಗೆ ಬಂತು. ಕಾರು ಅಂಗಡಿಯ ಹಿತ್ತಲಿನಲ್ಲಿ, ಪಶ್ಚಿಮಕ್ಕೆ ಮುಖ ಮಾಡಿ, ಇಟ್ಟಿಗೆಯ ಮೇಲೆ ನಿಂತಿತು. ಗುಜರಿಯವರು ವರ್ಷಕ್ಕೊಮ್ಮೆ ಬಂದು ಕೇಳಿ ಹೋಗುತ್ತಿದ್ದರು. ಹದಿನೈದು ವರ್ಷ ಹೀಗೇ ಕಳೆಯಿತು. ಅಷ್ಟರಲ್ಲಿ ಗಂಡ ತೀರಿಕೊಂಡರು, ಮಗಳ ಮದುವೆಯಾಯಿತು.

ಅಳಿಯ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸದವರು. ಮಾತು ಕಡಿಮೆ, ಕೈ ಚುರುಕು. ಹಿತ್ತಲಿಗೆ ಹೋದಾಗೆಲ್ಲ ಕಾರಿನ ಮೈ ತಟ್ಟಿ ನೋಡುತ್ತಿದ್ದವರು ಒಂದು ಭಾನುವಾರ ಬಾಗಿಲನ್ನೇ ಬಿಚ್ಚಿದರು. ಆಮೇಲೆ ಎರಡು ವರ್ಷ, ರಜೆ ಸಿಕ್ಕಾಗೆಲ್ಲ ಅದೇ ಕೆಲಸ. ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸುಗೆ ಹಾಕಿದರು. ಇನ್ನೊಂದು ಕಾರಿನಿಂದ ಇಂಜಿನ್ ತಂದು, ಸವೆದ ಸಿಲಿಂಡರನ್ನು ಕೊರೆಸಿ ಬೋರ್ ಮಾಡಿಸಿದರು. ಕೆನೆ ಬಣ್ಣವನ್ನು ಪದರದ ಮೇಲೆ ಪದರ ಹೊಡೆದು, ಒಂದೊಂದನ್ನೂ ನೀರು ಹಾಕಿ ಉಜ್ಜಿದರು. ಸೀಟುಗಳನ್ನು ಅಕ್ಕ ತಾವೇ ಹೊಲಿದರು. ಕಾರು ಎಷ್ಟು ಚೆನ್ನಾಗಿ ಬಂತೆಂದರೆ ಪಕ್ಕದ ನಗರದಲ್ಲಿ ನಡೆಯುವ ಹಳೆಯ ಕಾರುಗಳ ಪ್ರದರ್ಶನಕ್ಕೆ ಅಳಿಯ ಅದರ ಹೆಸರು ಕೊಟ್ಟು ಬಂದರು.

ಆಗ ಮೀಟರಿನ ಮಾತು ಎದ್ದಿತು. ಅಂಕಿಗಳ ಚಕ್ರಗಳು ಜಾಮ್ ಆಗಿದ್ದವು. ಹೇಗಿದ್ದರೂ ಬಿಚ್ಚಿಸಬೇಕು, ಬಿಚ್ಚಿದಾಗ ಸೊನ್ನೆಗೆ ತಂದುಬಿಡೋಣ ಎಂಬುದು ಅಳಿಯನ ವಾದ. ಅದರಲ್ಲಿ ಮೋಸವೇನೂ ಇರಲಿಲ್ಲ. ಮಾರುವ ಕಾರಿನ ಮೀಟರ್ ತಿರುಗಿಸುವುದು ಆ ರಸ್ತೆಯಲ್ಲಿ ಕಳ್ಳತನಕ್ಕೆ ಸಮ. ಇದು ಮಾರುವ ಕಾರಲ್ಲ. ಬುಡದಿಂದ ಮತ್ತೆ ಕಟ್ಟಿದ ಕಾರಿಗೆ ಸೊನ್ನೆ ಇಡುವುದು ಪ್ರದರ್ಶನಕ್ಕೆ ಬರುವವರಲ್ಲಿ ಹಲವರ ರೂಢಿ. ಕೆಲಸ ಇಲ್ಲಿಂದ ಶುರುವಾಯಿತು ಎಂದು ಕಟ್ಟಿದವನು ಹಾಕುವ ಗುರುತು ಅದು. ಎರಡು ವರ್ಷ ಬೆವರು ಹರಿಸಿದ ಮನುಷ್ಯನಿಗೆ ಆ ಗುರುತಿನ ಆಸೆ ಇದ್ದರೆ ತಪ್ಪೇನು?

ಒಂದು ದಿನ ಊಟದ ಹೊತ್ತಿನಲ್ಲಿ ಅವರು ಅದನ್ನು ಬಾಯಿಬಿಟ್ಟು ಹೇಳಿದರು. "ಅತ್ತೆ, ಇಂಜಿನ್ ಬೇರೆ, ಗೇರ್ ಬಾಕ್ಸ್ ಬೇರೆ, ನೆಲ ಹೊಸದು. ಈ ಕಾರು ಇನ್ನೂ ಒಂದು ಕಿಲೋಮೀಟರೂ ಓಡಿಲ್ಲ. ತೊಂಬತ್ತೊಂಬತ್ತು ಸಾವಿರ ಅಂತ ತೋರಿಸೋದೇ ಸುಳ್ಳಾಗುತ್ತೆ."

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಇಂಜಿನ್ ಓಡಿಸ್ತು ಅಂತ ಯಾರು ಹೇಳಿದ್ದು? ಓಡಿಸಿದ್ದು ನಾನು. ನನಗೇನು ಹೊಸ ಮೊಣಕಾಲು ಹಾಕಿಸಿದೀರಾ?"

ಮಗಳು ನಡುವೆ ಬಾಯಿ ಹಾಕಿ, "ಬಿಡ್ರಿ, ಅಮ್ಮಂಗೆ ಕಿಲೋಮೀಟರೇ ಮೊಮ್ಮಕ್ಕಳು. ಒಂದನ್ನೂ ಬಿಟ್ಟುಕೊಡಲ್ಲ" ಎಂದಳು. ಮಾತು ಅಲ್ಲಿಗೆ ಮುಗಿಯಿತು. ಅಂಕಿ ಮುಟ್ಟಬಾರದು, ಚಕ್ರ ಮಾತ್ರ ಬಿಡಿಸಬೇಕು ಎಂಬ ಕರಾರಿನ ಮೇಲೆ ಅಳಿಯ ಮೀಟರನ್ನು ಮೇಷ್ಟ್ರ ಅಂಗಡಿಗೆ ಕೊಟ್ಟರು, ಕರಾರನ್ನು ಎರಡು ಸಲ ಹೇಳಿಯೂ ಬಂದರು.

ಮೇಷ್ಟ್ರು ಅಂದರೆ ಮೀಟರ್ ರಿಪೇರಿಯವರು. ಪಾಠ ಹೇಳುವ ಚಾಳಿಯಿಂದ ಬಂದ ಹೆಸರು. ಚಕ್ರಗಳನ್ನು ತೊಳೆದು ಮತ್ತೆ ಕೂರಿಸುವಾಗ ಎಲ್ಲವನ್ನೂ ಮೊದಲು ಸೊನ್ನೆಗೆ ಸಾಲು ಮಾಡಲೇಬೇಕು. ಇಲ್ಲದಿದ್ದರೆ ಹಲ್ಲು ಹಲ್ಲಿಗೆ ಕೂರುವುದಿಲ್ಲ. ಆಮೇಲೆ ಹಳೆಯ ಅಂಕಿಗೆ ತರಬೇಕು. ಆ ಅಂಕಿಯನ್ನು ಮೇಷ್ಟ್ರು ಕಾಗದದ ಮೇಲೆ ಬರೆಯುವವರಲ್ಲ. ಕಾಗದ ಹಾರಿಹೋಗುತ್ತದೆ, ಕೈ ಎಲ್ಲಿಗೆ ಹೋಗುತ್ತದೆ ಎನ್ನುವವರು. ಎಡ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು, ಅಂಕಿ ಕೂರಿಸಿದ ಮೇಲೆಯೇ ಕೈ ತೊಳೆಯುವುದು ಅವರ ಪದ್ಧತಿ. ಬದುಕಿಡೀ ಒಮ್ಮೆಯೂ ತಪ್ಪಿರಲಿಲ್ಲ. ಆ ದಿನ ಹೇಳದೆ ಕೇಳದೆ ಭಾವಮೈದ ಬಂದ. ಅಂಗಡಿಯ ಹಿಂದೆಯೇ ಮನೆ. ಹೆಂಡತಿ ಊಟಕ್ಕೆ ಬೇಗ ಕರೆದರು. ಮೇಷ್ಟ್ರು ಸೋಪು ಹಚ್ಚಿ ಕೈ ತೊಳೆದು, ಚೆನ್ನಾಗಿ ಉಂಡು, ಎದ್ದು ಬಂದು ಮೀಟರಿನ ಮುಂದೆ ಕೂತು ಅಂಗೈ ನೋಡಿಕೊಂಡರು. ಹಸ್ತರೇಖೆ ಬಿಟ್ಟು ಬೇರೇನೂ ಇರಲಿಲ್ಲ.

ಶಾಲಾ ವ್ಯಾನಿನ ಸೀಟಿಗೆ ಅಕ್ಕ ಕೊನೆಯ ಮೊಳೆ ಹೊಡೆಯುತ್ತಿದ್ದಾಗ ಮೇಷ್ಟ್ರು ತಾವೇ ಬಂದು ಬಾಗಿಲಲ್ಲಿ ನಿಂತರು. ಎಡಗೈ ಮುಂದೆ ಚಾಚಿದ್ದರು.

"ಅಕ್ಕಾ, ನಿಮ್ಮ ಹದಿನಾಲ್ಕು ವರ್ಷ ತೊಳ್ಕೊಂಡ್ಬಿಟ್ಟೆ."

ಅಕ್ಕನಿಗೆ ಆರುನೂರರ ಮೇಲೆ ಏನೋ ಇತ್ತು ಎಂಬುದು ನೆನಪಿತ್ತು. ಅದರ ಮುಂದಿನದು ಇರಲಿಲ್ಲ. ಸುದ್ದಿ ಕೇಳಿ ಓಡಿ ಬಂದ ಅಳಿಯ, ಆರುನೂರು ಎಂದೇ ಇಟ್ಟುಬಿಡೋಣ, ನಾಲ್ಕು ಕಿಲೋಮೀಟರ್ ಹೆಚ್ಚೇ ಓಡಿಸಿದರಾಯಿತು ಎಂದರು. ಸೊನ್ನೆ ಬೇಕೆಂದಿದ್ದವರು ಅವರೇ. ಈಗ ಸೊನ್ನೆ ತಾನಾಗಿ ಬಂದು ಕೂತಾಗ ಅವರ ಮುಖವೇ ಎಲ್ಲರಿಗಿಂತ ಸಣ್ಣಗಾಗಿತ್ತು. ಅಕ್ಕ ಒಪ್ಪಲಿಲ್ಲ. ಪರೀಕ್ಷೆ ಬರೆದವಳೇ ಅಂಕ ಹಾಕಿಕೊಂಡಂತಾಗುತ್ತದೆ ಎಂದರು.

ಅವರ ಅಂಜಿಕೆ ಸುಳ್ಳಾಗಲಿಲ್ಲ. ಕತ್ತಲಾಗುವ ಮೊದಲೇ ವಿಷಯ ಸ್ಟ್ಯಾಂಡಿಗೆ ಮುಟ್ಟಿತ್ತು. ಯಜಮಾನರು ಈಗ ಕಾರು ಓಡಿಸುವುದಿಲ್ಲ. ಎಂಬತ್ತರ ಗಡಿಯಲ್ಲಿರುವ ಅವರು ದಿನವೂ ಬಂದು ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರುತ್ತಾರೆ. ಅವರ ಮಾತೇ ಅಲ್ಲಿ ಕೊನೆಯ ಮಾತು. ಕೈಯಿಂದ ತಿರುಗಿಸಿದ ಅಂಕಿ ಅಂಕಿಯಲ್ಲ, ಬೇಕಿದ್ದರೆ ಸೊನ್ನೆಯಿಂದ ಹೊಸದಾಗಿ ಶುರು ಮಾಡಲಿ ಎಂದು ಅವರು ಹೇಳಿ ಕಳಿಸಿದರು. ಅಂದರೆ ಮತ್ತೊಂದು ಲಕ್ಷ ಕಿಲೋಮೀಟರ್. ಈಗಿನ ಕಾರುಗಳ ಮೀಟರಿನಲ್ಲಿ ಆರು ಅಂಕಿ, ಅವು ಸೊನ್ನೆಗೆ ಮರಳುವುದೇ ಇಲ್ಲ. ಐದಂಕಿಯ ಕಾರು ಸ್ಟ್ಯಾಂಡಿನವರ ಪೈಕಿ ಉಳಿದಿದ್ದುದು ಅಕ್ಕನದು ಒಂದೇ. ಆ ಸುತ್ತು ಹೋದರೆ ಹೋದಂತೆಯೇ.

ಮರುದಿನ ಬೆಳಗ್ಗೆ ಅಕ್ಕ ಎಂದಿನಂತೆ ಅಂಗಡಿ ತೆರೆದರು. ಯಾರದೋ ಕಾರಿನ ಹಿಂದಿನ ಸೀಟು ಬಂದಿತ್ತು. ಕಂದು ಬಟ್ಟೆಯ ಹೊದಿಕೆ. ಹಿಂದಿನ ಗಾಜಿಗೆ ತಾಗುವ ಮೇಲ್ಭಾಗ ಬಿಸಿಲಿಗೆ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಬಿಚ್ಚಿದರೆ ಒಳಗಿನ ಬಟ್ಟೆ ನಿನ್ನೆ ಅಂಗಡಿಯಿಂದ ತಂದ ಹಾಗೆ ಗಾಢ ಕಂದು. ಬಿಸಿಲು ಬಿದ್ದದ್ದಕ್ಕೂ ಬೀಳದ್ದಕ್ಕೂ ನಡುವೆ ಸ್ಕೇಲು ಇಟ್ಟು ಎಳೆದಂತೆ ಗೆರೆ. ಇಂಥದ್ದನ್ನು ಅಕ್ಕ ವಾರಕ್ಕೆರಡು ಸಲ ನೋಡುತ್ತಾರೆ. ಆ ದಿನ ಮಾತ್ರ ಆ ಮಡಿಕೆಯನ್ನು ಮತ್ತೆ ಮತ್ತೆ ಮುಚ್ಚಿ ತೆಗೆದು ನೋಡಿದರು. ಆಮೇಲೆ ಕತ್ತರಿ ಕೆಳಗಿಟ್ಟು ಎದ್ದರು.

ಅವರು ಮೊದಲು ಹೋದದ್ದು ಮೇಷ್ಟ್ರ ಅಂಗಡಿಗಲ್ಲ, ಸ್ಟ್ಯಾಂಡಿನ ಬೆಂಚಿಗೆ. ಏನೆಂದು ಹೇಳದೆ, ಬನ್ನಿ ಚಿಕ್ಕಪ್ಪ, ಒಂದು ಸಣ್ಣ ಕೆಲಸ ಇದೆ ಎಂದು ಯಜಮಾನರನ್ನು ಎಬ್ಬಿಸಿದರು. ಯಜಮಾನರು ಗೊಣಗುತ್ತಲೇ ಕೋಲು ಹಿಡಿದು ಹಿಂದೆ ಬಂದರು.

ಮೇಷ್ಟ್ರು ಅಂಕಿ ಚಕ್ರಗಳನ್ನು ಮತ್ತೆ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಇಟ್ಟರು. ಕಪ್ಪು ಚಕ್ರದ ಮೇಲೆ ಬಿಳಿ ಅಂಕಿ. ಕಾರು ಹದಿನೈದು ವರ್ಷ ಪಶ್ಚಿಮಕ್ಕೆ ಮುಖ ಮಾಡಿ ನಿಂತಿತ್ತಲ್ಲ, ಮಧ್ಯಾಹ್ನದ ಬಿಸಿಲು ಮುಂದಿನ ಗಾಜಿನಿಂದ ನೇರ ಮೀಟರಿನ ಮೇಲೆ ಬೀಳುತ್ತಿತ್ತಲ್ಲ ಎಂದು ಅಕ್ಕ ಕೇಳಿದರು. ಮೇಷ್ಟ್ರಿಗೆ ಅಷ್ಟು ಸಾಕಾಯಿತು. ದೀಪ ಹತ್ತಿರ ಎಳೆದು, ಕಣ್ಣಿಗೆ ಮಸೂರ ಸಿಕ್ಕಿಸಿ, ಮೊದಲ ಚಕ್ರವನ್ನು ಚಿಮುಟದಲ್ಲಿ ನಿಧಾನ ತಿರುಗಿಸಿದರು. ಹತ್ತು ಅಂಕಿಗಳಲ್ಲಿ ಒಂಬತ್ತು ಮನೆ ಬೆಳ್ಳಗಿದ್ದವು. ಒಂದು ಮಾತ್ರ ಟೀ ಚೆಲ್ಲಿದಂತೆ ಹಳದಿ, ಅದರ ಸುತ್ತಲಿನ ಕಪ್ಪೂ ಮಾಸಿತ್ತು. ಕಿಂಡಿಯಲ್ಲಿ ಕೂತು ಹದಿನೈದು ವರ್ಷ ಬಿಸಿಲು ಕಾಯಿಸಿದ ಅಂಕಿ. ಅದು ಒಂಬತ್ತು.

ಎರಡನೆಯದೂ ಒಂಬತ್ತು. ಮೂರನೆಯದು ಆರು. ನಾಲ್ಕನೆಯದು ಒಂದು. ಕೊನೆಯ ಚಕ್ರದಲ್ಲಿ ಎರಡರ ಅರ್ಧ, ಮೂರರ ಅರ್ಧ ಹಳದಿಯಾಗಿತ್ತು. ಕಾರು ನಿಂತಾಗ ಆ ಅಂಕಿ ಎರಡನ್ನು ಬಿಟ್ಟು ಮೂರಕ್ಕೆ ಹೊರಟಿತ್ತು. ತೊಂಬತ್ತೊಂಬತ್ತು ಸಾವಿರದ ಆರುನೂರ ಹನ್ನೆರಡೂವರೆ. ಅಂಗೈಯಲ್ಲಿ ಬರೆದದ್ದು ಅದೇ ಎಂದು ಮೇಷ್ಟ್ರಿಗೆ ಆಗ ನೆನಪಾಯಿತು. ಆದರೆ ಈಗ ಅವರ ನೆನಪು ಯಾರಿಗೂ ಬೇಕಿರಲಿಲ್ಲ.

ಯಜಮಾನರು ಮಸೂರ ಇಸಿದುಕೊಂಡು ಐದೂ ಚಕ್ರಗಳನ್ನು ತಾವೇ ನೋಡಿದರು. ಕೊನೆಯದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಸೂರವನ್ನು ಮೇಜಿನ ಮೇಲಿಟ್ಟರು.

"ಬಿಸಿಲಿಗೆ ಲಂಚ ಕೊಡೋಕಾಗಲ್ಲ. ಅಲ್ಲಿಗೇ ಕೂರಿಸಿ ಮೇಷ್ಟ್ರೇ."

ಉಳಿದ ದಾರಿಯನ್ನು ಒಂದೇ ದಿನ ಹೆದ್ದಾರಿಯಲ್ಲಿ ಮುಗಿಸಬಹುದಿತ್ತು. ಸ್ಟ್ಯಾಂಡಿನ ಹುಡುಗಾಟದವನೊಬ್ಬ, ಜಾಕ್ ಹಾಕಿ ಚಕ್ರ ತಿರುಗಿಸಿದರೆ ಮನೆಯಲ್ಲೇ ಮುಗಿಯುತ್ತದೆ ಎಂದೂ ಹೇಳಿದ. ಹಾಸಿಗೆ ಮೇಲೆ ಈಜಿ ಹೊಳೆ ದಾಟಿದೆ ಎಂದರೆ ಒಪ್ಪುತ್ತೀಯಾ ಎಂದು ಅಕ್ಕ ಕೇಳಿದರು. ಹದಿನಾಲ್ಕು ವರ್ಷದ ಹಾಗೇ ಊರೊಳಗಿನ ಸಣ್ಣ ದಾರಿಯಲ್ಲೇ ಮುಗಿಸಬೇಕೆಂಬುದು ಅವರ ಹಟ. ಬಾಡಿಗೆಯ ಪರವಾನಗಿ ಎಂದೋ ಮುಗಿದಿತ್ತು. ಹಾಗಾಗಿ ಬೀದಿಯವರಿಗೆಲ್ಲ ಪುಕ್ಕಟೆ ಸವಾರಿ. ಮೇಷ್ಟ್ರ ಹೆಂಡತಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದರು, ಪಕ್ಕದ ಮನೆಯ ಬಾಣಂತಿಯನ್ನು ಮನೆಗೆ ತಂದರು, ಅಳಿಯನ ಪೇಂಟಿನ ಡಬ್ಬಿಗಳನ್ನೂ ಹೊತ್ತರು. ಹಿಂದಿನ ಪ್ರಮಾದ ಮರುಕಳಿಸದಿರಲಿ ಎಂದು ಮಗಳು ಅಂಕಿಯ ಕಿಂಡಿಗೆ ರೆಕ್ಸಿನ್ ತುಂಡೊಂದನ್ನು ಅಂಟಿಸಿದಳು. ಓಡಿಸುವಾಗ ಅಮ್ಮ ಬಿಸಿಯ ಮುಳ್ಳನ್ನು ನೋಡಬೇಕು, ಅಂಕಿಯನ್ನಲ್ಲ. ಸಂಜೆ ಅಳಿಯ ಮೂಲೆ ಎತ್ತಿ ಇಣುಕಿ, ಮತ್ತೆ ಅಂಟಿಸಿ, ಸ್ಟ್ಯಾಂಡಿಗೆ ಫೋನು ಮಾಡಿ ಹೇಳುತ್ತಿದ್ದರು. ಸೊನ್ನೆಗಾಗಿ ವಾದ ಮಾಡಿದ್ದ ಮನುಷ್ಯ ಈಗ ಒಂದೊಂದು ಕಿಲೋಮೀಟರನ್ನೂ ತನ್ನದೇ ಎಂಬಂತೆ ಕಾಯುತ್ತಿದ್ದರು.

ಕೊನೆಯ ದಿನ ರೆಕ್ಸಿನ್ ತುಂಡು ತೆಗೆದರು. ಕುಷನ್ ಅಂಗಡಿಯಿಂದ ಹೊರಟು, ದೊಡ್ಡ ರಸ್ತೆ ಬಳಸಿ, ಸರಿಯಾಗಿ ಸ್ಟ್ಯಾಂಡಿನ ಮುಂದೆ ಸೊನ್ನೆ ಬರುವಂತೆ ಅಳಿಯ ಹಿಂದಿನ ದಿನವೇ ಬೈಕಿನಲ್ಲಿ ದಾರಿ ಅಳೆದಿದ್ದರು. ಮುಂದಿನ ಸೀಟಿನಲ್ಲಿ ಯಜಮಾನರು, ಹಿಂದೆ ಮಗಳು, ಅಳಿಯ ಮತ್ತು ಮೇಷ್ಟ್ರು. ದೊಡ್ಡ ರಸ್ತೆಯ ತಿರುವಿನಲ್ಲಿ ನೀರಿನ ಪೈಪಿಗೆಂದು ರಸ್ತೆ ಅಗೆದು ಹಾಕಿದ್ದರು. ಬೇರೆ ದಾರಿಯಿಲ್ಲದೆ ಅಕ್ಕ ಗಲ್ಲಿಗೆ ತಿರುಗಿಸಿದರು. ಅಳಿಯನ ಲೆಕ್ಕವೆಲ್ಲ ನೀರಿನ ಪೈಪಿನಲ್ಲಿ ಹೋಯಿತು.

ಇಸ್ತ್ರಿ ಅಂಗಡಿಯೊಂದರ ಮುಂದೆ, ಎರಡೂ ಕಡೆ ಬಟ್ಟೆ ನೇತುಹಾಕಿದ ಇಕ್ಕಟ್ಟಿನಲ್ಲಿ, ಕೊನೆಯ ಒಂಬತ್ತು ಅಲುಗಿತು. ಅಕ್ಕ ವೇಗವನ್ನು ನಡಿಗೆಗೆ ಇಳಿಸಿದರು. ಬಿಸಿಯ ಮುಳ್ಳು ಅರ್ಧದಲ್ಲಿತ್ತು. ಅದನ್ನು ನೋಡಿಕೊಂಡೇ ಅವರು ಅಂಕಿಯ ಕಡೆ ಕಣ್ಣು ಹಾಯಿಸಿದರು. ಐದು ಒಂಬತ್ತುಗಳೂ ಒಟ್ಟಿಗೆ, ಒಂದೇ ಹಾಸಿಗೆಯಲ್ಲಿ ಮಲಗಿದ ಐದು ಮಂದಿ ಒಮ್ಮೆಗೇ ಮಗ್ಗುಲು ಬದಲಿಸಿದಂತೆ, ನಿಧಾನಕ್ಕೆ ಹೊರಳಿದವು. ಐದು ಸೊನ್ನೆಗಳು ಬಂದು ಕೂತವು.

ಯಜಮಾನರು ಪಕ್ಕದಿಂದ ಬಗ್ಗಿ, ಸ್ಟೇರಿಂಗಿನ ನಡುವೆ ಅಂಗೈ ಊರಿ ಹಾರ್ನ್ ಒತ್ತಿದರು. ಒತ್ತಿದವರು ಬಿಡಲೇ ಇಲ್ಲ. ಇಸ್ತ್ರಿಯವನು ಹೊರಗೆ ಓಡಿ ಬಂದು ತನ್ನ ಸೈಕಲ್ಲನ್ನು ಪಕ್ಕಕ್ಕೆ ಎಳೆಯುತ್ತ, ಹೋಗಿ, ಬೇಕಾದಷ್ಟು ಜಾಗ ಇದೆಯಲ್ಲ ಎಂದು ಸಿಡುಕಿದ.

"ಜಾಗ ಕೇಳ್ತಿಲ್ಲ ಕಣಯ್ಯ" ಎಂದರು ಯಜಮಾನರು. "ಡ್ರೈವರಮ್ಮ ಬಂದಿದಾಳೆ ಅಂತ ಹೇಳ್ತಿದೀನಿ."

ಅಕ್ಕ ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ, ಒಂದು ಕೈಯಲ್ಲಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. "ಕೈ ತೆಗೀರಿ ಚಿಕ್ಕಪ್ಪ. ಹಾರ್ನ್ ಹಳೇದು, ಸ್ಟ್ಯಾಂಡಿನವರೆಗೂ ಉಳೀಬೇಕು."

ಹಾರ್ನ್ ಉಳಿಯಿತು. ಕಾರು ಸ್ಟ್ಯಾಂಡಿನ ತಿರುವಿಗೆ ಬರುವಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿದ್ದರು. ಸಾಲಿನಲ್ಲಿದ್ದ ಕಾರುಗಳೆಲ್ಲ ಒಂದೊಂದು ಮಾರು ಹಿಂದೆ ಸರಿದು ತಲೆಯ ಜಾಗ ಖಾಲಿ ಬಿಟ್ಟಿದ್ದವು. ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆದಾಗ ಎದುರಿನ ಬ್ಯಾಂಕಿನಿಂದ ಜನ ಹೊರಗೆ ಬಂದು ನಿಂತರು. ಅಕ್ಕ ಆ ಜಾಗಕ್ಕೆ ಕಾರು ತಂದು, ಹಿಂದೆ ಮುಂದೆ ಒಂದು ಸಲವೂ ಸರಿಪಡಿಸದೆ, ಗೆರೆಗೆ ಸಮವಾಗಿ ನಿಲ್ಲಿಸಿದರು. ಎಲ್ಲರೂ ಇಳಿದ ಕೂಡಲೇ, ಬ್ಯಾಗು ಹಿಡಿದ ಪ್ರಯಾಣಿಕರೊಬ್ಬರು ಬಂದು ಹಿಂದಿನ ಬಾಗಿಲು ತೆರೆದು ಕೂತು, ಸ್ಟೇಷನ್ನಿಗೆ ಎಂದರು. ಪರವಾನಗಿ ಇಲ್ಲ, ಹಿಂದಿನ ಕಾರಿಗೆ ಹೋಗಿ ಎಂದು ಅಕ್ಕ ತಿಳಿಸಿ ಹೇಳಬೇಕಾಯಿತು. ಸೀಟು ಚೆನ್ನಾಗಿದೆಯಲ್ಲ ಎಂದು ಆ ಮನುಷ್ಯ ಒಲ್ಲದ ಮನಸ್ಸಿನಿಂದ ಇಳಿದರು. ಆ ದಿನ ಕತ್ತಲಾಗುವವರೆಗೂ ಕೆನೆ ಬಣ್ಣದ ಕಾರು ಸರದಿಯ ಮೊದಲಿನಲ್ಲೇ ನಿಂತಿತ್ತು, ಬಂದವರನ್ನೆಲ್ಲ ಹಿಂದಿನವರಿಗೆ ಕಳಿಸುತ್ತ.

ಅಳಿಯನಿಗೆ ಒಂದೇ ಕೊರಗು. ಐದು ಸೊನ್ನೆಗಳ ಫೋಟೋ ತೆಗೆಯಲು ಮೊಬೈಲ್ ಹೊರತೆಗೆದಾಗ ಮೀಟರ್ ಆಗಲೇ ಒಂದನ್ನು ತೋರಿಸುತ್ತಿತ್ತು.

ಪ್ರದರ್ಶನ ಮುಂದಿನ ತಿಂಗಳು. ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋದರೆ ಮೀಟರ್ ಸೊನ್ನೆಯ ಹತ್ತಿರವೇ ಉಳಿಯುತ್ತದೆ ಎಂದು ಅಳಿಯ ಹೇಳಿ ನೋಡಿದ್ದಾರೆ. ಡ್ರೈವರಮ್ಮ ಓಡಿಸಿಕೊಂಡೇ ಹೋಗುತ್ತಾರೆ.